ನನಗೆ ಯಾರ ಮೇಲೂ ದ್ವೇಷವಿಲ್ಲ, ಆದರೂ ತಾರತಮ್ಯ ಮಾಡುತ್ತಿದ್ದೇನಾ?

ಪ್ರಶ್ನೆ: ಮೇಡಂ, ನಾನು ಒಂದು ಕಂಪನಿಯಲ್ಲಿ ಸಣ್ಣ ತಂಡ ನೋಡಿಕೊಳ್ಳುತ್ತೇನೆ. ಹೊಸಬರನ್ನು ಸಂದರ್ಶನ ಮಾಡಿ ಆರಿಸುವ ಕೆಲಸವೂ ನನ್ನದೇ. ಯಾವ ಜನರ ಮೇಲೂ ನನಗೆ ದ್ವೇಷವಿಲ್ಲ. ಇದನ್ನು ಎದೆ ಮುಟ್ಟಿಕೊಂಡು ಹೇಳಬಲ್ಲೆ. ಆದರೆ ಈಚೆಗೆ ಹಿಂತಿರುಗಿ ನೋಡಿದರೆ, ನಾನು ಆರಿಸಿದವರಲ್ಲಿ ಹೆಚ್ಚಿನವರು ನನ್ನ ಹಾಗೇ ಮಾತಾಡುವ, ನನ್ನ ಹಾಗೇ ಬೆಳೆದ ಜನ. 'ಅವರು ಹಾಗೇ ಬಿಡಿ' ಅನ್ನುವ ಮಾತು ತಂಡದಲ್ಲಿ ಆಗಾಗ ಬರುತ್ತದೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ಇದನ್ನು ಪೂರ್ವಗ್ರಹ ಅನ್ನಬೇಕಾ? 'ನಮ್ಮವರು' ಅನ್ನುವ ಭಾವನೆಯನ್ನೇ ಬಿಟ್ಟರೆ ಸರಿಹೋಗುತ್ತಾ? ಅಂಥ ಮಾತು ಬಂದಾಗ ನಾನು ಏನು ಹೇಳಬೇಕು?

ಉತ್ತರ: ದ್ವೇಷವಿಲ್ಲ ಅಂತ ನೀವು ಹೇಳಿದ್ದನ್ನು ನಾನು ನಂಬುತ್ತೇನೆ. ಆದರೆ ತಾರತಮ್ಯ ನಡೆಯೋಕೆ ದ್ವೇಷ ಬೇಕೇಬೇಕು ಅಂತೇನಿಲ್ಲ. ನಮ್ಮವರ ಮೇಲೆ ಸ್ವಲ್ಪ ಜಾಸ್ತಿ ಅಕ್ಕರೆ ಇದ್ದರೆ ಸಾಕು. ಹೊರಗಿನವರಿಗೆ ನೀವು ಕೆಟ್ಟದ್ದು ಮಾಡಬೇಕಾಗಿಯೇ ಇಲ್ಲ. ನಮ್ಮವರಿಗೆ ಒಂದು ಅವಕಾಶ ಹೆಚ್ಚು ಕೊಟ್ಟು, ಒಂದು ತಪ್ಪು ಕಡಿಮೆ ಎಣಿಸಿದರೆ ಅಷ್ಟರಲ್ಲೇ ಲೆಕ್ಕ ವಾಲಿಬಿಡುತ್ತದೆ. ನಿಮ್ಮ ತಂಡದಲ್ಲಿ ಆಗಿರುವುದು ಬಹುಶಃ ಇದೇ.

ಈ ವಿಷಯದಲ್ಲಿ ಮೂರು ಸಂಗತಿಗಳನ್ನು ಜನ ಒಂದೇ ಮೂಟೆಗೆ ಹಾಕಿಬಿಡುತ್ತಾರೆ. 'ಆ ಗುಂಪಿನವರು ಹೀಗೇ ಇರುತ್ತಾರೆ' ಅನ್ನುವ ಸಿದ್ಧ ಚಿತ್ರ ಒಂದು. ಇದನ್ನು ಸ್ಟೀರಿಯೋಟೈಪ್ ಅನ್ನುತ್ತೇವೆ. ಆ ಗುಂಪಿನ ಬಗ್ಗೆ ಮನಸ್ಸಿನಲ್ಲಿ ಏಳುವ ಅಸಹನೆ, ಭಯ, ತಾತ್ಸಾರ ಇನ್ನೊಂದು. ಅದು ಪೂರ್ವಗ್ರಹ. ಗುಂಪು ನೋಡಿ ಬೇರೆ ಬೇರೆ ರೀತಿ ನಡೆದುಕೊಳ್ಳುವುದು ಮೂರನೆಯದು, ತಾರತಮ್ಯ. ಮೊದಲು ಚಿತ್ರ, ಅದರಿಂದ ಭಾವನೆ, ಭಾವನೆಯಿಂದ ಕೆಲಸ, ಹೀಗೆ ಸಾಲಾಗಿ ಬರುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಹಾಗಾಗುವುದಿಲ್ಲ.

ಹಳೆಯದೊಂದು ಉದಾಹರಣೆ ಇದೆ. 1930ರ ದಶಕದ ಆರಂಭದಲ್ಲಿ ರಿಚರ್ಡ್ ಲಾಪಿಯರ್ ಎಂಬ ಸಮಾಜಶಾಸ್ತ್ರಜ್ಞ ಒಂದು ಚೀನೀ ದಂಪತಿಯ ಜೊತೆ ಅಮೆರಿಕ ಸುತ್ತಿದರು. ಅಲ್ಲಿ ಚೀನೀಯರ ವಿರುದ್ಧ ಭಾವನೆ ಬಲವಾಗಿದ್ದ ಕಾಲ ಅದು. 251 ಹೋಟೆಲು, ವಸತಿಗೃಹಗಳಿಗೆ ಹೋದರು. ಒಳಗೆ ಬಿಡುವುದಿಲ್ಲ ಅಂದಿದ್ದು ಒಂದೇ ಒಂದು ಕಡೆ. ಆಮೇಲೆ ಅದೇ ಜಾಗಗಳಿಗೆ ಪತ್ರ ಬರೆದು 'ಚೀನೀಯರಿಗೆ ಜಾಗ ಕೊಡುತ್ತೀರಾ' ಅಂತ ಕೇಳಿದರು. ಉತ್ತರ ಬರೆದವರಲ್ಲಿ 90%ಕ್ಕಿಂತ ಹೆಚ್ಚು ಜನ 'ಕೊಡುವುದಿಲ್ಲ' ಅಂದರು. ಬಾಯಲ್ಲಿ ಪೂರ್ವಗ್ರಹ, ಕೈಯಲ್ಲಿ ಇಲ್ಲ. ಇವತ್ತು ಇದು ಉಲ್ಟಾ ಆಗಿದೆ ಅನ್ನುವುದು ನನ್ನ ಅನಿಸಿಕೆ. ಬಾಯಲ್ಲಿ ಎಲ್ಲರೂ ಸಮಾನ. ಆದರೆ ಯಾರನ್ನು ಆರಿಸಿದ್ದಾರೆ ಅಂತ ಪಟ್ಟಿ ನೋಡಿದರೆ ಬೇರೆಯದೇ ಕಥೆ. ನಿಮ್ಮ ಪಟ್ಟಿಯನ್ನು ನೀವಾಗಿಯೇ ನೋಡಿದ್ದೀರಿ, ಅದು ಒಳ್ಳೆಯದು. ಹೆಚ್ಚಿನವರು ನೋಡುವುದೇ ಇಲ್ಲ.

ಈಗ ಗುಂಪಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಮನಶ್ಶಾಸ್ತ್ರಜ್ಞ ಹೆನ್ರಿ ಟಾಜ್‌ಫೆಲ್ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಎರಡನೇ ಮಹಾಯುದ್ಧ ಶುರುವಾದಾಗ ಫ್ರಾನ್ಸಿನಲ್ಲಿ ಓದುತ್ತಿದ್ದರು. ಫ್ರೆಂಚ್ ಸೇನೆ ಸೇರಿ ಜರ್ಮನ್ನರ ಕೈಗೆ ಸೆರೆ ಸಿಕ್ಕರು. ತಾನು ಪೋಲೆಂಡಿನವನು ಅನ್ನುವುದನ್ನು ಮುಚ್ಚಿಟ್ಟು, ಫ್ರೆಂಚ್ ಕೈದಿಯಾಗಿ ಬದುಕಿ ಉಳಿದರು. ಯುದ್ಧ ಮುಗಿದು ಹೊರಗೆ ಬಂದಾಗ ಅವರ ಮನೆಯವರಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಯಾವ ಗುಂಪಿನವನು ಅನ್ನುವ ಒಂದು ವಿವರದ ಮೇಲೆ ಜೀವ ಹೋಗುವುದು, ಉಳಿಯುವುದು ನಿಂತಿದ್ದನ್ನು ಕಣ್ಣಾರೆ ಕಂಡವರು ಅವರು. ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕರಾದಾಗ ಅವರು ಕೇಳಿಕೊಂಡ ಪ್ರಶ್ನೆ ತೀರಾ ಸರಳವಾಗಿತ್ತು. ಒಂದು ಗುಂಪು ಇನ್ನೊಂದು ಗುಂಪಿಗೆ ಭೇದ ಮಾಡೋಕೆ ಕನಿಷ್ಠ ಏನು ಬೇಕು? ಹಳೆಯ ಜಗಳ ಬೇಕಾ? ಆಸ್ತಿಯ ಪೈಪೋಟಿ ಬೇಕಾ? ಮುಖ ಪರಿಚಯವಾದರೂ ಬೇಕಾ?

1970ರ ಸುಮಾರಿಗೆ ಅವರು 14-15 ವಯಸ್ಸಿನ ಶಾಲಾ ಹುಡುಗರನ್ನು ಕರೆದು ಕೆಲವು ಚಿತ್ರಗಳನ್ನು ತೋರಿಸಿದರು. ಕೆಲವು ಪಾಲ್ ಕ್ಲೀ ಬರೆದವು, ಕೆಲವು ಕ್ಯಾಂಡಿನ್ಸ್ಕಿ ಬರೆದವು. ಯಾವುದು ಇಷ್ಟ ಅಂತ ಕೇಳಿ, 'ನೀನು ಕ್ಲೀ ಗುಂಪು, ನೀನು ಕ್ಯಾಂಡಿನ್ಸ್ಕಿ ಗುಂಪು' ಅಂತ ಹೇಳಿದರು. ನಿಜದಲ್ಲಿ ಹುಡುಗರ ಇಷ್ಟಕ್ಕೂ ಗುಂಪಿಗೂ ಸಂಬಂಧವೇ ಇರಲಿಲ್ಲ, ಸುಮ್ನೆ ಹಂಚಿದ್ದರು. ತನ್ನ ಗುಂಪಿನಲ್ಲಿ ಇನ್ಯಾರಿದ್ದಾರೆ ಅಂತಲೂ ಹುಡುಗನಿಗೆ ಗೊತ್ತಿಲ್ಲ. ಆಮೇಲೆ ಒಬ್ಬೊಬ್ಬರೂ ಬೇರೆ ಇಬ್ಬರಿಗೆ ಅಂಕ ಹಂಚಬೇಕಿತ್ತು. ಆ ಅಂಕಕ್ಕೆ ಚಿಲ್ಲರೆ ಹಣ ಸಿಗುತ್ತಿತ್ತು. ತನಗೇ ಕೊಟ್ಟುಕೊಳ್ಳುವ ಹಾಗಿಲ್ಲ. ಅಂದರೆ ಸ್ವಾರ್ಥಕ್ಕೆ ಜಾಗವೇ ಇಲ್ಲ. ಆದರೂ ಹುಡುಗರು ತಮ್ಮ ಗುಂಪಿನವನಿಗೆ ಜಾಸ್ತಿ ಕೊಟ್ಟರು.

ಇಷ್ಟೇ ಆಗಿದ್ದರೆ ಅಂಥ ಆಶ್ಚರ್ಯವೇನಿಲ್ಲ. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ವಿವರ. ಇಂಥ ಪ್ರಯೋಗಗಳಲ್ಲಿ ಬಳಸುವ ಒಂದು ಪಟ್ಟಿಯ ಈ ತುದಿಯಲ್ಲಿ ನಮ್ಮವನಿಗೆ 7, ಎದುರಿನವನಿಗೆ 1. ಆ ತುದಿಯಲ್ಲಿ ನಮ್ಮವನಿಗೆ 19, ಎದುರಿನವನಿಗೆ 25. ನಮ್ಮವನಿಗೆ ಒಳ್ಳೆಯದಾಗಲಿ ಅನ್ನುವುದಷ್ಟೇ ಇದ್ದಿದ್ದರೆ ಕಣ್ಣುಮುಚ್ಚಿ 19 ಆರಿಸಬೇಕು. ಎಷ್ಟೋ ಹುಡುಗರ ಆಯ್ಕೆ ಮಾತ್ರ ಇನ್ನೊಂದು ಕಡೆಗೆ ಎಳೆಯಿತು. ನಮ್ಮವನಿಗೆ ಕಡಿಮೆ ಬಂದರೂ ಪರವಾಗಿಲ್ಲ, ಅವನಿಗಿಂತ ಮೇಲಿರಬೇಕು. ಇದಾಗಿ ಸ್ವಲ್ಪ ಸಮಯಕ್ಕೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಗುಂಪು ಮಾಡಿದ್ದು ನಾಣ್ಯ ಚಿಮ್ಮಿ ಅಂತ ಮುಖಕ್ಕೇ ಹೇಳಿದಾಗಲೂ ಪಕ್ಷಪಾತ ಉಳಿಯಿತು.

ಇದಕ್ಕೆ ಟಾಜ್‌ಫೆಲ್ ಮತ್ತು ಅವರ ಶಿಷ್ಯ ಜಾನ್ ಟರ್ನರ್ 1979ರಲ್ಲಿ ಕೊಟ್ಟ ವಿವರಣೆ ಹೀಗಿದೆ. 'ನಾನು ಯಾರು' ಅನ್ನುವುದರಲ್ಲಿ ಒಂದು ಭಾಗ ನನ್ನ ಹೆಸರು, ನನ್ನ ಗುಣ. ಇನ್ನೊಂದು ಭಾಗ ನಾನು ಸೇರಿದ ಗುಂಪುಗಳು. ಗುಂಪಿನ ಮಾನ ನನ್ನ ಮಾನವೂ ಹೌದು. ಆದರೆ ಗುಂಪಿನ ಮಾನ ಗೊತ್ತಾಗುವುದು ಹೋಲಿಕೆಯಿಂದಲೇ. ಹಾಗಾಗಿ ನಮ್ಮ ಗುಂಪು ಇನ್ನೊಂದಕ್ಕಿಂತ ಒಂದು ಕೈ ಮೇಲೆ ಅಂತ ಕಾಣುವಂತೆ ಮನಸ್ಸು ತಾನೇ ಏರ್ಪಾಟು ಮಾಡಿಕೊಳ್ಳುತ್ತದೆ. ತಂಡ ಗೆದ್ದರೆ 'ನಾವು ಗೆದ್ದೆವು', ಸೋತರೆ 'ಅವರು ಸೋತರು' ಅನ್ನುವ ಅಭಿಮಾನಿಗಳನ್ನು ನೀವು ನೋಡಿರುತ್ತೀರಿ ಅಲ್ವಾ? 1976ರಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ವಿದ್ಯಾರ್ಥಿಗಳಲ್ಲಿ ಇದನ್ನೇ ದಾಖಲಿಸಿದ್ದರು. ತಮ್ಮ ವಿಶ್ವವಿದ್ಯಾಲಯದ ತಂಡ ಗೆದ್ದ ಮೇಲೆ ಅದರ ಹೆಸರಿರುವ ಅಂಗಿ ಹಾಕಿಕೊಂಡು ಬರುವವರು ಜಾಸ್ತಿಯಾಗುತ್ತಿದ್ದರು.

ಈಗ ದ್ವೇಷದ ಮಾತು. ಮರಿಲಿನ್ ಬ್ರೂವರ್ ಎಂಬ ಮನಶ್ಶಾಸ್ತ್ರಜ್ಞೆ ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿರುವ ಒಂದು ಮಾತಿದೆ. ನಮ್ಮವರ ಮೇಲಿನ ಪ್ರೀತಿ ಮತ್ತು ಹೊರಗಿನವರ ಮೇಲಿನ ದ್ವೇಷ ಒಂದೇ ನಾಣ್ಯದ ಎರಡು ಮುಖಗಳಲ್ಲ. ಮೊದಲನೆಯದು ಎರಡನೆಯದಿಲ್ಲದೆ ಆರಾಮಾಗಿ ಇರಬಲ್ಲದು. ಜರ್ಮನಿಯಲ್ಲಿ ಅಮೇಲಿ ಮುಮ್ಮೆಂಡೈ ಮತ್ತು ಸಂಗಡಿಗರು ಅಂಕದ ಬದಲು ಕಿವಿಗೆ ಹಿಂಸೆಯಾಗುವ ಸದ್ದನ್ನು ಹಂಚಿಸಿ ನೋಡಿದರು. ಯಾರಿಗೆ ಎಷ್ಟು ಹೊತ್ತು ಕೇಳಿಸಬೇಕು ಅಂತ ತೀರ್ಮಾನಿಸಬೇಕಿತ್ತು. ಆಗ ಬರೀ ಗುಂಪಿನ ಹೆಸರು ಮಾತ್ರ ಪಕ್ಷಪಾತ ಹುಟ್ಟಿಸೋಕೆ ಸಾಕಾಗಲಿಲ್ಲ. ಒಳ್ಳೆಯದನ್ನು ಹಂಚುವಾಗ ಕೈ ವಾಲುತ್ತದೆ, ನೋವನ್ನು ಹಂಚುವಾಗ ಜನ ಎಚ್ಚರವಾಗುತ್ತಾರೆ. ಕೆಲಸ, ಬಡ್ತಿ, ಶಿಫಾರಸು, 'ನೋಡೋಣ, ಇನ್ನೊಂದು ಅವಕಾಶ ಕೊಡೋಣ', ಇವೆಲ್ಲ ಒಳ್ಳೆಯದನ್ನು ಹಂಚುವ ಕೆಲಸಗಳೇ. ಅದಕ್ಕೇ ಆ ಕುರ್ಚಿಯಲ್ಲಿ ಕೂತವರಿಗೆ ತಾವು ತಪ್ಪು ಮಾಡುತ್ತಿದ್ದೇವೆ ಅಂತ ಅನ್ನಿಸುವುದೇ ಇಲ್ಲ. ಅವರಿಗೆ ತಾವು ದಯೆ ತೋರಿಸುತ್ತಿದ್ದೇವೆ ಅಂತಲೇ ಅನ್ನಿಸುತ್ತಿರುತ್ತದೆ.

ಹಾಗಾದರೆ ನಿಜವಾದ ಹಗೆ ಎಲ್ಲಿಂದ ಬರುತ್ತದೆ? ಒಬ್ಬರು ಗೆಲ್ಲಬೇಕಾದರೆ ಇನ್ನೊಬ್ಬರು ಸೋಲಲೇಬೇಕು ಅನ್ನುವ ಸ್ಥಿತಿ ಅದಕ್ಕೆ ಒಂದು ದೊಡ್ಡ ಕಾರಣ. 1954ರ ಬೇಸಿಗೆಯಲ್ಲಿ ಮುಜಾಫರ್ ಶೆರಿಫ್ ಅಮೆರಿಕದ ಒಕ್ಲಹೋಮಾದ ಒಂದು ಶಿಬಿರಕ್ಕೆ ಸುಮಾರು 11 ವರ್ಷದ 22 ಹುಡುಗರನ್ನು ಕರೆತಂದು ಎರಡು ತಂಡ ಮಾಡಿದರು. ಬಹುಮಾನಕ್ಕೆ ಪೈಪೋಟಿ ಇಟ್ಟ ಮೇಲೆ ಬೈಗುಳ, ಬಾವುಟ ಸುಡುವುದು, ಎದುರು ತಂಡದ ಕೋಣೆಗೆ ನುಗ್ಗುವುದು ಎಲ್ಲ ಬಂತು. ನೀರಿನ ಸರಬರಾಜು ಕೆಟ್ಟಾಗ, ಲಾರಿ ಕೈಕೊಟ್ಟಾಗ ಎರಡೂ ತಂಡ ಸೇರಿಯೇ ಕೆಲಸ ಮಾಡಬೇಕಾಗಿ ಬಂದು, ನಿಧಾನಕ್ಕೆ ಜಗಳ ಇಳಿಯಿತು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹಿಂದಿನ ವರ್ಷದ ಶಿಬಿರದ ಕಥೆ ಹೇಳುವವರು ಕಡಿಮೆ. 1953ರಲ್ಲಿ ಇದೇ ರೀತಿ ಜಗಳ ಹುಟ್ಟಿಸಲು ಹೋದಾಗ ಹುಡುಗರು ಜಗಳವಾಡಲಿಲ್ಲ. ದೊಡ್ಡವರು ಏನೋ ಆಟ ಕಟ್ಟುತ್ತಿದ್ದಾರೆ ಅಂತ ಅನುಮಾನಪಟ್ಟರು, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಗುಂಪು ಮಾಡಿದ ತಕ್ಷಣ ಹೊಡೆದಾಟ ತಾನಾಗಿ ಬರುವುದಿಲ್ಲ. ಅದನ್ನು ಹೊತ್ತಿಸುವವರು ಬೇಕಾಗುತ್ತಾರೆ, ಆ ಕೈ ಯಾರದು ಅಂತ ಜನ ಕೆಲವೊಮ್ಮೆ ಗುರುತಿಸಿಬಿಡುತ್ತಾರೆ.

'ಅವರು ಹಾಗೇ ಬಿಡಿ' ಅನ್ನುವ ಮಾತು ಹೇಗೆ ಹುಟ್ಟುತ್ತದೆ ಅಂತ ಈಗ ನೋಡೋಣ. ಸ್ಟೀರಿಯೋಟೈಪ್ ಬಗ್ಗೆ ಜನ ಸಾಮಾನ್ಯವಾಗಿ ಹೇಳುವುದು 'ಬೆಂಕಿ ಇಲ್ಲದೆ ಹೊಗೆ ಬರುತ್ತದೆಯೇ' ಅಂತ. ಬರುತ್ತದೆ. 1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಎರಡು ಕಾಲ್ಪನಿಕ ಗುಂಪುಗಳ ಬಗ್ಗೆ ಸಣ್ಣ ಸಣ್ಣ ವಾಕ್ಯಗಳನ್ನು ಜನರಿಗೆ ಓದಿಸಿದರು. ದೊಡ್ಡ ಗುಂಪಿನ ಬಗ್ಗೆ 26 ವಾಕ್ಯ: 18 ಒಳ್ಳೆಯ ನಡತೆ, 8 ಕೆಟ್ಟ ನಡತೆ. ಚಿಕ್ಕ ಗುಂಪಿನ ಬಗ್ಗೆ 13 ವಾಕ್ಯ: 9 ಒಳ್ಳೆಯದು, 4 ಕೆಟ್ಟದ್ದು. ಲೆಕ್ಕ ಹಾಕಿ ನೋಡಿ, ಎರಡೂ ಗುಂಪಿನಲ್ಲಿ ಒಳ್ಳೆಯದು ಕೆಟ್ಟದ್ದರ ಪ್ರಮಾಣ ಒಂದೇ. ಆದರೆ ಓದಿದವರ ಮನಸ್ಸಿನಲ್ಲಿ ಚಿಕ್ಕ ಗುಂಪೇ ಕೆಟ್ಟದ್ದು ಅಂತ ಉಳಿಯಿತು. ಚಿಕ್ಕ ಗುಂಪು ಅಪರೂಪ, ಕೆಟ್ಟ ನಡತೆಯೂ ಅಪರೂಪ. ಎರಡು ಅಪರೂಪಗಳು ಒಟ್ಟಿಗೆ ಬಂದರೆ ಅದು ತಲೆಯಲ್ಲಿ ಅಂಟಿಕೊಂಡುಬಿಡುತ್ತದೆ. ಯಾವ ದ್ವೇಷವೂ ಇಲ್ಲ, ಬರೀ ನೆನಪಿನ ದೋಷ. ನಿಮ್ಮ ತಂಡದಲ್ಲಿ ಬೇರೆ ಗುಂಪಿನವರು ಒಬ್ಬರೋ ಇಬ್ಬರೋ ಇದ್ದರೆ ಅವರ ಒಂದು ತಪ್ಪು ವರ್ಷಗಟ್ಟಲೆ ನೆನಪಿರುತ್ತದೆ. ಉಳಿದವರು ಮಾಡಿದ ಅಂಥದ್ದೇ ತಪ್ಪು ಮುಂದಿನ ವಾರಕ್ಕೆ ಮರೆತುಹೋಗಿರುತ್ತದೆ.

ಇನ್ನೊಂದು ಮೂಲ ಇದಕ್ಕಿಂತ ಗಟ್ಟಿ. ಯಾರು ಯಾವ ಕೆಲಸ ಮಾಡುತ್ತಿದ್ದಾರೆ ಅನ್ನುವುದನ್ನು ನೋಡಿ, ಅವರ ಸ್ವಭಾವವೇ ಅದು ಅಂತ ನಾವು ತೀರ್ಮಾನಿಸುತ್ತೇವೆ. 1990ರಲ್ಲಿ ಕರ್ಟ್ ಹಾಫ್‌ಮನ್ ಮತ್ತು ನ್ಯಾನ್ಸಿ ಹರ್ಸ್ಟ್ ಒಂದು ದೂರದ ಗ್ರಹದ ಕಥೆ ಕಟ್ಟಿದರು. ಅಲ್ಲಿ ಎರಡು ಗುಂಪು. ಒಂದರಲ್ಲಿ ಹೆಚ್ಚಿನವರು ಪೇಟೆಯಲ್ಲಿ ದುಡಿಯುವವರು, ಇನ್ನೊಂದರಲ್ಲಿ ಹೆಚ್ಚಿನವರು ಮಕ್ಕಳನ್ನು ಸಾಕುವವರು. ಒಬ್ಬೊಬ್ಬರ ಗುಣವನ್ನೂ ವಿವರಿಸಿದ್ದರು, ಗುಂಪುಗಳ ನಡುವೆ ಗುಣದಲ್ಲಿ ವ್ಯತ್ಯಾಸ ಇರಲೇ ಇಲ್ಲ. ಆದರೂ ಓದಿದವರು ಮೊದಲ ಗುಂಪಿನವರನ್ನು ಹುಟ್ಟಾ ಛಲಗಾರರು, ಎರಡನೆಯವರನ್ನು ಹುಟ್ಟಾ ಮಮತೆಯವರು ಅಂದರು. 'ಇವರು ಯಾಕೆ ಈ ಕೆಲಸ ಮಾಡುತ್ತಾರೆ ಅಂತ ಯೋಚಿಸಿ' ಅಂದಾಗ ಈ ನಂಬಿಕೆ ಇನ್ನೂ ಬಲವಾಯಿತು. ಕೆಲಸದ ಹಂಚಿಕೆ ಮೊದಲು ಬಂತು, ಅದನ್ನು ಸಮರ್ಥಿಸುವ ಸ್ಟೀರಿಯೋಟೈಪ್ ಆಮೇಲೆ. ಅಂದರೆ ತಾರತಮ್ಯವೇ ಸ್ಟೀರಿಯೋಟೈಪನ್ನು ಹುಟ್ಟಿಸಬಹುದು. ಒಂದು ಗುಂಪನ್ನು ತಲೆಮಾರುಗಟ್ಟಲೆ ಕೀಳು ಕೂಲಿಯ ಕೆಲಸಕ್ಕೆ ತಳ್ಳಿ, ಆಮೇಲೆ 'ಅವರಿಗೆ ಅದೇ ಸರಿಹೊಂದುತ್ತದೆ' ಅನ್ನುವುದು ಜಗತ್ತಿನ ಯಾವ ಮೂಲೆಗೆ ಹೋದರೂ ಕೇಳಿಬರುವ ಮಾತು.

ಒಮ್ಮೆ ಈ ಚಿತ್ರ ಕೂತ ಮೇಲೆ ಕಣ್ಣು ಅದರ ಪ್ರಕಾರವೇ ನೋಡುತ್ತದೆ. 1976ರಲ್ಲಿ ಬಿರ್ಟ್ ಡಂಕನ್ ಬಿಳಿಯ ವಿದ್ಯಾರ್ಥಿಗಳಿಗೆ ಇಬ್ಬರ ವಾದ ಜೋರಾಗಿ ಒಬ್ಬ ಇನ್ನೊಬ್ಬನನ್ನು ತಳ್ಳುವ ವಿಡಿಯೋ ತೋರಿಸಿದರು. ತಳ್ಳಿದವನು ಕಪ್ಪು, ತಳ್ಳಿಸಿಕೊಂಡವನು ಬಿಳಿಯ ಆಗಿದ್ದಾಗ 75% ಜನ ಅದನ್ನು ಹಿಂಸೆ ಅಂದರು. ಅದಲು ಬದಲು ಮಾಡಿದಾಗ ಹಾಗಂದವರು 17% ಮಾತ್ರ. ಉಳಿದವರಿಗೆ ಅದು ಏನೋ ತಮಾಷೆಯಾಗಿಯೋ ನಾಟಕವಾಗಿಯೋ ಕಂಡಿತ್ತು. ಕಾರಣ ಕೊಡುವುದರಲ್ಲೂ ಇದೇ ಕಥೆ. ನಮ್ಮವರು ತಡವಾಗಿ ಬಂದರೆ ಟ್ರಾಫಿಕ್, ಅವರು ತಡವಾಗಿ ಬಂದರೆ ಸೋಮಾರಿತನ. ಅವರು ಚೆನ್ನಾಗಿ ಮಾಡಿದರೆ ಅದೃಷ್ಟ, ಇಲ್ಲವೇ 'ಅವರಲ್ಲಿ ಇವರೊಬ್ಬರು ಬೇರೆ ಥರ'. ಈ 'ಬೇರೆ ಥರ' ಅನ್ನುವ ಮಾತು ಹೊಗಳಿಕೆಯಂತೆ ಕಂಡರೂ ಮಹಾ ಚಾಲಾಕಿ. ವ್ಯಕ್ತಿಯನ್ನು ಒಪ್ಪಿಕೊಂಡು ಗುಂಪಿನ ಚಿತ್ರವನ್ನು ಹಾಗೇ ಉಳಿಸಿಕೊಳ್ಳುತ್ತದೆ.

ಇಷ್ಟರ ಮೇಲೆ ಸಂದರ್ಶನದ ಕೋಣೆಗೆ ಬರೋಣ. ನಿಮಗೆ ನೇರವಾಗಿ ಸಂಬಂಧಿಸಿದ್ದು ಇದೇ.

1974ರಲ್ಲಿ ಪ್ರಕಟವಾದ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಒಂದು ಪ್ರಯೋಗದಲ್ಲಿ ಕಾರ್ಲ್ ವರ್ಡ್, ಮಾರ್ಕ್ ಝನ್ನಾ ಮತ್ತು ಜೋಯಲ್ ಕೂಪರ್ ಬಿಳಿಯ ವಿದ್ಯಾರ್ಥಿಗಳಿಂದ ಸಂದರ್ಶನ ಮಾಡಿಸಿದರು. ಅಭ್ಯರ್ಥಿಗಳಲ್ಲಿ ಕೆಲವರು ಬಿಳಿಯರು, ಕೆಲವರು ಕಪ್ಪು ಜನರು. ಎಲ್ಲರಿಗೂ ಒಂದೇ ರೀತಿ ನಡೆದುಕೊಳ್ಳಲು ತರಬೇತಿ ಕೊಟ್ಟಿತ್ತು. ಕಪ್ಪು ಅಭ್ಯರ್ಥಿ ಎದುರಿಗೆ ಬಂದಾಗ ಸಂದರ್ಶಕರು ಕುರ್ಚಿ ದೂರ ಹಾಕಿಕೊಂಡರು, ಮಾತಿನಲ್ಲಿ ಹೆಚ್ಚು ತಡವರಿಸಿದರು, ಬೇಗ ಮುಗಿಸಿದರು. ಯಾರೂ ಬೈದಿಲ್ಲ, ಅವಮಾನ ಮಾಡಿಲ್ಲ. ಎರಡನೇ ಭಾಗದಲ್ಲಿ ಉಲ್ಟಾ ಮಾಡಿದರು. ಈ ದೂರದ, ತಡವರಿಸುವ, ಬೇಗ ಮುಗಿಸುವ ಧಾಟಿಯನ್ನು ಸಂದರ್ಶಕರಿಗೇ ಕಲಿಸಿ, ಏನೂ ಗೊತ್ತಿಲ್ಲದ ಬಿಳಿಯ ಅಭ್ಯರ್ಥಿಗಳ ಮುಂದೆ ಕೂರಿಸಿದರು. ಆಗ ಆ ಬಿಳಿಯರೇ ಅಳುಕಿದರು, ಚೆನ್ನಾಗಿ ಉತ್ತರಿಸಲಿಲ್ಲ. ಹೊರಗಿನಿಂದ ನೋಡಿದ ತೀರ್ಪುಗಾರರು ಅವರಿಗೆ ಕಡಿಮೆ ಅಂಕ ಕೊಟ್ಟರು. ಸಂದರ್ಶನ ಮುಗಿದ ಮೇಲೆ ನಿಮ್ಮ ಕೈಯಲ್ಲಿ 'ಅಭ್ಯರ್ಥಿಗೆ ಆತ್ಮವಿಶ್ವಾಸ ಸಾಲದು' ಅಂತ ಒಂದು ಸಾಲು ಇರುತ್ತದೆ. ಅದು ಸುಳ್ಳೇನಲ್ಲ. ಆದರೆ ಆ ಅಳುಕಿನಲ್ಲಿ ಎಷ್ಟು ಪಾಲು ನಿಮ್ಮ ಕಡೆಯಿಂದ ಹೋಯಿತು ಅಂತ ಆ ಸಾಲು ಹೇಳುವುದಿಲ್ಲ.

ಗುರುತು ನೆನಪಿಸುವುದಷ್ಟೇ ಸಾಕಾಗುವ ಸಂದರ್ಭಗಳೂ ಇವೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಯ ಶಾಲಾ ಹುಡುಗರಿಂದ ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಿದರು. ಜಾತಿ ಹೇಳದಿದ್ದಾಗ ಮೇಲ್ಜಾತಿ, ಕೆಳಜಾತಿಯ ಹುಡುಗರು ಸರಿಸುಮಾರು ಸಮವಾಗಿದ್ದರು. ಎಲ್ಲರೆದುರು ಹೆಸರು, ಜಾತಿ ಕೂಗಿ ಹೇಳಿದ ಮೇಲೆ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. ಇಂಥ ಪರಿಣಾಮದ ಬಗ್ಗೆ ಬೇರೆ ಕಡೆ, ಅದರಲ್ಲೂ ಪರೀಕ್ಷೆಯ ಅಂಕಗಳ ವಿಷಯದಲ್ಲಿ, ನಡೆದ ಅಧ್ಯಯನಗಳ ಫಲಿತಾಂಶ ಏರುಪೇರಾಗಿದೆ. ಮೊದಲು ಹೇಳುತ್ತಿದ್ದಷ್ಟು ದೊಡ್ಡ ಪರಿಣಾಮ ಎಲ್ಲ ಕಡೆ ಸಿಕ್ಕಿಲ್ಲ. ಅದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ.

ಸಂದರ್ಶನಕ್ಕೆ ಕರೆಯುವ ಮೊದಲೇ ನಡೆಯುವ ಭೇದದ ಬಗ್ಗೆ ಮಾತ್ರ ಪುರಾವೆ ಬಲವಾಗಿದೆ. ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲೈನಾಥನ್ ಅಮೆರಿಕದ ಬಾಸ್ಟನ್, ಶಿಕಾಗೋ ನಗರಗಳ ಉದ್ಯೋಗ ಜಾಹೀರಾತುಗಳಿಗೆ ಸುಮಾರು 5,000 ಅರ್ಜಿ ಕಳಿಸಿದ್ದರು. ಅರ್ಹತೆಯ ಜೊತೆ ಹೆಸರನ್ನು ಬೇಕಾಬಿಟ್ಟಿ ಜೋಡಿಸಿದ್ದರು. ಬಿಳಿಯರದ್ದೆನಿಸುವ ಹೆಸರಿಗೆ ಕಪ್ಪು ಜನರದ್ದೆನಿಸುವ ಹೆಸರಿಗಿಂತ ಸುಮಾರು 50% ಹೆಚ್ಚು ಕರೆ ಬಂತು. 2004ರಲ್ಲಿ ಇದು ಪ್ರಕಟವಾಯಿತು. ಆಮೇಲೆ ಹಲವು ದೇಶಗಳಲ್ಲಿ, ಹಲವು ಗುಂಪುಗಳ ಹೆಸರಿಟ್ಟು ಇದೇ ಬಗೆಯ ಪ್ರಯೋಗಗಳು ನಡೆದಿವೆ. ಅಂತರದ ಗಾತ್ರ ಬದಲಾಗುತ್ತದೆ, ದಿಕ್ಕು ಸಾಮಾನ್ಯವಾಗಿ ಅದೇ.

ಹಾಗಾದರೆ 'ನಮ್ಮವರು' ಅನ್ನುವ ಭಾವನೆಯನ್ನೇ ಬಿಡಬೇಕಾ? ಬೇಡ. ಬಿಡೋಕೂ ಆಗುವುದಿಲ್ಲ. ಮನುಷ್ಯನಿಗೆ ಆಸರೆ, ಹೆಮ್ಮೆ, ಕಷ್ಟಕ್ಕೆ ಆಗುವ ಜನ ಸಿಗುವುದು ಗುಂಪಿನಿಂದಲೇ. ತುಳಿತಕ್ಕೆ ಸಿಕ್ಕವರು ಎದ್ದು ನಿಂತಿದ್ದೂ ಗುಂಪಿನ ಗುರುತನ್ನು ಹಿಡಿದುಕೊಂಡೇ. 'ನಾನು ಜಾತಿ ಧರ್ಮ ಬಣ್ಣ ಯಾವುದೂ ನೋಡಲ್ಲ' ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಎಷ್ಟೋ ಸಲ ಅವರು ನೋಡದೇ ಇರುವುದು ತಮ್ಮ ಗುಂಪಿನ ಅನುಕೂಲವನ್ನು.

ಆದರೆ 'ನಮ್ಮವರು' ಅನ್ನುವುದರ ಗಡಿ ಕಲ್ಲಿನಲ್ಲಿ ಕೊರೆದದ್ದಲ್ಲ. ಇಂಗ್ಲೆಂಡಿನಲ್ಲಿ ಮಾರ್ಕ್ ಲೆವಿನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳನ್ನು ಕರೆದು, ಆ ತಂಡದ ಮೇಲಿನ ಪ್ರೀತಿಯ ಬಗ್ಗೆ ಬರೆಸಿ, ಇನ್ನೊಂದು ಕಟ್ಟಡಕ್ಕೆ ನಡೆದು ಹೋಗಲು ಹೇಳಿದರು. ದಾರಿಯಲ್ಲಿ ಒಬ್ಬ ಓಡುತ್ತಾ ಬಂದು ಜಾರಿ ಬಿದ್ದು ಕಾಲು ಹಿಡಿದುಕೊಂಡು ನರಳುತ್ತಾನೆ. ಅವನು ತಮ್ಮ ತಂಡದ ಅಂಗಿ ಹಾಕಿದ್ದರೆ ಹೆಚ್ಚುಕಡಿಮೆ ಎಲ್ಲರೂ ಸಹಾಯಕ್ಕೆ ನಿಂತರು. ಎದುರಾಳಿ ಲಿವರ್‌ಪೂಲ್ ಅಂಗಿ ಹಾಕಿದ್ದರೆ ಹೆಚ್ಚಿನವರು ಹಾಗೇ ಮುಂದೆ ಹೋದರು. ಎರಡನೇ ಬಾರಿ, ಫುಟ್‌ಬಾಲ್ ಅಭಿಮಾನಿಯಾಗಿರುವುದರ ಖುಷಿಯ ಬಗ್ಗೆ ಬರೆಸಿದರು. ಈಗ ಲಿವರ್‌ಪೂಲ್ ಅಂಗಿಯವನಿಗೂ ಹೆಚ್ಚಿನವರು ನೆರವಾದರು. ಎರಡು ಸಲವೂ ಅಭಿಮಾನಿಗಳು ಅದೇ ತಂಡದವರು, 'ನಾವು' ಅನ್ನುವುದರ ಅಳತೆ ಮಾತ್ರ ಬದಲಾಯಿತು. ಇನ್ನೂ ಒಂದು ವಿಷಯ. ಯಾವ ತಂಡದ್ದೂ ಅಲ್ಲದ ಅಂಗಿ ಹಾಕಿದವನಿಗೆ ಎರಡು ಸಲವೂ ಸಹಾಯ ಕಡಿಮೆಯೇ ಸಿಕ್ಕಿತು. ಗುಂಪನ್ನು ಎಷ್ಟೇ ದೊಡ್ಡದು ಮಾಡಿದರೂ ಅದಕ್ಕೆ ಒಂದು ಹೊರಗು ಇದ್ದೇ ಇರುತ್ತದೆ.

'ನಾವೆಲ್ಲ ಒಂದೇ ಕುಟುಂಬ' ಅನ್ನುವ ಕಂಪನಿಗಳ ಘೋಷಣೆಯಲ್ಲಿ ಇನ್ನೊಂದು ಅಪಾಯವಿದೆ. ತಮಗೆ ಆದ ಅನ್ಯಾಯ ಹೇಳಬೇಕೆಂದಿರುವವರ ಬಾಯಿ ಅಲ್ಲಿ ಕಟ್ಟಿಹೋಗಬಹುದು. ಕುಟುಂಬದೊಳಗೆ ಯಾಕೆ ಲೆಕ್ಕ ಕೇಳುತ್ತೀಯಾ ಅಂತಾರಲ್ಲ, ಹಾಗೆ.

ಬೆರೆತು ಕೆಲಸ ಮಾಡಿದರೆ ಪೂರ್ವಗ್ರಹ ಇಳಿಯುತ್ತದಾ? ಇಳಿಯುತ್ತದೆ, ಷರತ್ತಿನ ಮೇಲೆ. ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಆ ಷರತ್ತುಗಳನ್ನು ಬರೆದಿಟ್ಟರು: ಸಮಾನ ಸ್ಥಾನ, ಒಂದೇ ಗುರಿ, ಪೈಪೋಟಿ ಅಲ್ಲದ ಸಹಕಾರ, ಮೇಲಿನವರ ಬೆಂಬಲ. 2006ರಲ್ಲಿ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಂಪರ್ಕ ಹೆಚ್ಚಿದಂತೆ ಪೂರ್ವಗ್ರಹ ಕಡಿಮೆಯಿರುವುದು ಕಂಡಿತು. ಪರಿಣಾಮ ದೊಡ್ಡದಲ್ಲ, ಆದರೆ ಇದೆ. ಸಲ್ಮಾ ಮೂಸಾ ಉತ್ತರ ಇರಾಕಿನಲ್ಲಿ ಮಾಡಿದ ಕೆಲಸ 2020ರಲ್ಲಿ ಪ್ರಕಟವಾಯಿತು. ಐಸಿಸ್ ದಾಳಿಯಿಂದ ಮನೆ ಬಿಟ್ಟ ಕ್ರೈಸ್ತರ ಕೆಲವು ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದ್ದರು. ಮೈದಾನದಲ್ಲಿ ಬದಲಾವಣೆ ಆಯಿತು. ತಿಂಗಳುಗಳ ನಂತರವೂ ಒಟ್ಟಿಗೆ ಅಭ್ಯಾಸ ಮಾಡಿದರು, ಕ್ರೀಡಾ ಮನೋಭಾವದ ಬಹುಮಾನಕ್ಕೆ ಮುಸ್ಲಿಮರಿಗೆ ಮತ ಹಾಕಿದರು. ಮೈದಾನದ ಹೊರಗೆ, ಅಪರಿಚಿತ ಮುಸ್ಲಿಮರ ಜೊತೆಗಿನ ನಡತೆಯಲ್ಲಿ ಅಷ್ಟೇನೂ ಬದಲಾವಣೆ ಆಗಲಿಲ್ಲ. ನಿಮ್ಮ ತಂಡದಲ್ಲೂ ಇಷ್ಟೇ ನಿರೀಕ್ಷಿಸಿ. ತಂಡದೊಳಗೆ ಇಷ್ಟಾದರೂ ಸಣ್ಣ ವಿಷಯವೇನಲ್ಲ.

ಒಂದು ದಿನದ ತರಬೇತಿ ಕಾರ್ಯಾಗಾರದ ಮೇಲೆ ನನಗೆ ಭರವಸೆ ಕಡಿಮೆ. ಕೆಲವು ನಿಮಿಷಗಳ ಪಾಠದಿಂದ ಮನಸ್ಸಿನ ಒಳಗಿನ ವಾಲಿಕೆ ಬದಲಾಗುತ್ತದಾ ಅಂತ ಹಲವು ವಿಧಾನಗಳನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನ 2016ರಲ್ಲಿ ಬಂತು. ಬದಲಾವಣೆ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನದಲ್ಲಿ ಮಾಯವಾಗಿತ್ತು. ಮನಸ್ಸು ತೊಳೆಯುವುದಕ್ಕಿಂತ ಕೆಲಸದ ವಿಧಾನ ಬದಲಿಸುವುದು ಸುಲಭ.

ಅಲ್ಲಿ ಮೊದಲು ಮಾಡಬೇಕಾದ್ದು, ಅರ್ಜಿ ತೆರೆಯುವ ಮುಂಚೆಯೇ ಏನು ಬೇಕು ಅಂತ ಬರೆದಿಡುವುದು. ಇದು ಯಾಕೆ ಅಂದರೆ, ನಾವು ಮೊದಲು ವ್ಯಕ್ತಿಯನ್ನು ಇಷ್ಟಪಟ್ಟು ಆಮೇಲೆ ಅರ್ಹತೆಯ ಅಳತೆಗೋಲನ್ನು ಅವರಿಗೆ ತಕ್ಕಂತೆ ಕತ್ತರಿಸುತ್ತೇವೆ. 2005ರಲ್ಲಿ ಎರಿಕ್ ಉಲ್‌ಮನ್ ಮತ್ತು ಜೆಫ್ರಿ ಕೋಹೆನ್ ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಒಬ್ಬ ಗಂಡು, ಒಬ್ಬ ಹೆಣ್ಣು ಅಭ್ಯರ್ಥಿಯನ್ನು ಕೊಟ್ಟು ನೋಡಿದರು. ಓದು ಗಂಡಸಿಗೆ ಇದ್ದಾಗ 'ಈ ಹುದ್ದೆಗೆ ಓದು ಬಹಳ ಮುಖ್ಯ' ಅಂದರು. ಅದೇ ಓದು ಹೆಂಗಸಿಗೆ ಇದ್ದಾಗ ಓದಿನ ಬೆಲೆ ಇಳಿಯಿತು. ಅಭ್ಯರ್ಥಿ ಯಾರು ಅಂತ ತಿಳಿಯುವ ಮೊದಲೇ ಯಾವ ಅರ್ಹತೆಗೆ ಎಷ್ಟು ತೂಕ ಅಂತ ನಿರ್ಧರಿಸಿದಾಗ ಈ ಭೇದ ಹೋಯಿತು. ತಾವು ಬಹಳ ನಿಷ್ಪಕ್ಷಪಾತಿಗಳು ಅಂತ ಹೇಳಿಕೊಂಡವರಲ್ಲೇ ವಾಲಿಕೆ ಜಾಸ್ತಿ ಕಂಡಿತು ಅನ್ನುವುದು ಇದರ ಇನ್ನೊಂದು ವಿವರ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ, ಅಷ್ಟೇ ಸಮಯ. ಪ್ರತಿ ಉತ್ತರಕ್ಕೂ ಆಗಲೇ ಅಂಕ. ಜೊತೆಗೆ ಕೂತವರ ಅಂಕ ನೋಡುವ ಮುಂಚೆ ನಿಮ್ಮದನ್ನು ಬರೆದಿಡಿ. 'ನಮ್ಮ ತಂಡಕ್ಕೆ ಹೊಂದಿಕೊಳ್ಳುತ್ತಾರೆ' ಅನ್ನುವ ಕಾಲಂ ಇದ್ದರೆ ತೆಗೆದುಹಾಕಿ. 'ನಮ್ಮವರು' ಅನ್ನುವುದು ಮುಖ ಮುಚ್ಚಿಕೊಂಡು ಬಂದು ಕೂರುವ ಜಾಗ ಅದೇ. ಕೆಲಸಕ್ಕೆ ಸೇರಿದ ಮೇಲೂ ಗಮನವಿರಲಿ: ಯಾರ ತಪ್ಪಿಗೆ ಎರಡನೇ ಅವಕಾಶ ಸಿಕ್ಕಿತು, ಯಾರಿಗೆ ಕೆಲಸ ಕಲಿಸಲು ನೀವು ಹೆಚ್ಚು ಹೊತ್ತು ಕೂತಿರಿ. ಕೆಟ್ಟದಾಗಿ ನಡೆದುಕೊಂಡ ಪಟ್ಟಿ ಮಾಡಲು ಹೋದರೆ ನಿಮಗೆ ಏನೂ ಸಿಗದೇ ಇರಬಹುದು. ದಯೆಯ ಪಟ್ಟಿ ಮಾಡಿ.

ಕೊನೆಗೆ, 'ಅವರು ಹಾಗೇ ಬಿಡಿ' ಅಂದಾಗ ಏನು ಹೇಳಬೇಕು ಅಂತ ಕೇಳಿದ್ದೀರಿ. ಇಟಲಿಯ ಫೆರಾರಾದಲ್ಲಿ ಬಡಾವಣೆಗಳ ನಡುವೆ ಕುದುರೆ ಓಟದ ಸ್ಪರ್ಧೆ ನಡೆಯುತ್ತದೆ. ಆ ಸಮಯದಲ್ಲಿ ಆನ್ ಮಾಸ್ ಮತ್ತು ಸಂಗಡಿಗರು ಅಲ್ಲಿನ ಜನರ ಮಾತನ್ನು ಗಮನಿಸಿ 1989ರಲ್ಲಿ ಬರೆದರು. ತಮ್ಮ ಕಡೆಯವನ ಕೆಟ್ಟ ಕೆಲಸವನ್ನು ಜನ 'ಅವನು ಹೊಡೆದ' ಅಂತ ನಡೆದ ಘಟನೆಯಾಗಿ ಹೇಳುತ್ತಾರೆ. ಎದುರು ಕಡೆಯವನು ಅದನ್ನೇ ಮಾಡಿದರೆ 'ಅವನು ಜಗಳಗಂಟ' ಅಂತ ಗುಣವಾಗಿ ಹೇಳುತ್ತಾರೆ. ಒಳ್ಳೆಯ ಕೆಲಸಕ್ಕೆ ಇದರ ಉಲ್ಟಾ. ಹಾಗಾಗಿ ಉಪದೇಶ ಮಾಡಬೇಡಿ, ಎಲ್ಲರೆದುರು ನಾಚಿಕೆಪಡಿಸಲೂಬೇಡಿ. ಹಾಗೆ ಮಾಡಿದರೆ ಅವರ ಕಣ್ಣಲ್ಲಿ ನೀವೂ ಒಂದು ಎದುರು ಗುಂಪಾಗುತ್ತೀರಿ. ಆ ಗುಣವನ್ನು ಮತ್ತೆ ಘಟನೆಯ ಮಟ್ಟಕ್ಕೆ ಇಳಿಸಿ. 'ಯಾರು? ಯಾವತ್ತು? ಏನಾಯಿತು ಹೇಳಿ' ಅಂತ ಮಾಮೂಲಿ ದನಿಯಲ್ಲೇ ಕೇಳಿ. ಅವರು ಒಂದು ಘಟನೆ ಹೇಳಿದರೆ, ಅದನ್ನು ಮಾಡಿದ ವ್ಯಕ್ತಿಯ ಜೊತೆ ಬಗೆಹರಿಸಿ. ಯಾವ ಘಟನೆಯೂ ಇಲ್ಲದಿದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಸುಮ್ನೆ ನಗುವುದನ್ನು ಮಾತ್ರ ಇವತ್ತಿನಿಂದಲೇ ಬಿಡಿ. ತಂಡ ನೋಡಿಕೊಳ್ಳುವವರು ನಕ್ಕರೆ ಉಳಿದವರು ಅದನ್ನು ಒಪ್ಪಿಗೆ ಅಂತಲೇ ತೆಗೆದುಕೊಳ್ಳುತ್ತಾರೆ.